ಪಾಂಡುವಿಗೆ ಶಾಪ, ಪಾರ್ಥನಿಗೆ ಗಾಂಡೀವ: ಜಿಂಕೆಯ ಕಾನೂನುಗಳನ್ನು ಕಾಸರಗೋಡಿನಿಂದ ಓದುವುದು

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳ್ತಾ ಉಂಟು ಅಂದುಕೊಳ್ಳುತ್ತೇನೆ. ಈ ವರ್ಷದ ಸಂಕಿರಣದ ವಿಷಯ ‘ಸಾಹಿತ್ಯ ಮತ್ತು ಪರಿಸರ’. ಇಂಥ ಸಂಕಿರಣಗಳಲ್ಲಿ ನಾವು ಸಾಮಾನ್ಯವಾಗಿ ಒಂದು ಕಾದಂಬರಿ ಅಥವಾ ಒಬ್ಬ ಕವಿಯನ್ನು ತೆಗೆದುಕೊಂಡು, ಅದರಲ್ಲಿ ಕಾಡು ಎಷ್ಟು ಬಂದಿದೆ, ಹಕ್ಕಿ ಎಷ್ಟು ಬಂದಿದೆ ಎಂದು ಲೆಕ್ಕ ಹಾಕಿ, ಕೊನೆಗೆ ‘ನಮ್ಮ ಪೂರ್ವಿಕರು ಪ್ರಕೃತಿಯನ್ನು ಆರಾಧಿಸುತ್ತಿದ್ದರು’ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ನಾನು ಸ್ವಲ್ಪ ಬೇರೆ ದಾರಿ ಹಿಡಿದಿದ್ದೇನೆ. ಕೆಲವು ಕಾನೂನುಗಳನ್ನು ಪಠ್ಯಗಳ ಹಾಗೆ ಓದುತ್ತೇನೆ, ಕೆಲವು ಪಠ್ಯಗಳನ್ನು ಕಾನೂನುಗಳ ಹಾಗೆ ಓದುತ್ತೇನೆ. ನಡುವೆ ಒಂದು ಪ್ರಾಣಿ ಇದೆ, ಜಿಂಕೆ.

ಕಾನೂನು ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಂದು ರಾಜ್ಯ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಕೇಂದ್ರದ 1972ರ ಕಾಯಿದೆಯಲ್ಲಿ 2022ರ ಪರಿಷ್ಕರಣೆಯ ನಂತರ ಎರಡನೇ ಅನುಸೂಚಿ ಅಂತ ಒಂದು ಪಟ್ಟಿ ಇದೆ. ಅದರಲ್ಲಿರುವ ಯಾವುದೇ ಪ್ರಾಣಿಯ ಸಂಖ್ಯೆ ಮಿತಿಮೀರಿದೆ ಎಂದು ಕಂಡರೆ ಅದನ್ನು ಪೀಡೆ ಎಂದು ಘೋಷಿಸುವ ಅಧಿಕಾರ ಈಗ ಕೇಂದ್ರದ ಕೈಯಲ್ಲಿದೆ, ಅದು ರಾಜ್ಯಕ್ಕೆ ಬರಬೇಕು ಎನ್ನುವುದು ಮಸೂದೆಯ ಒಂದು ಮುಖ್ಯ ಅಂಶ. ಎಲ್ಲರ ಮನಸ್ಸಿನಲ್ಲಿದ್ದದ್ದು ಕಾಡುಹಂದಿ. ಆದರೆ ಅದೇ ಪಟ್ಟಿಯಲ್ಲಿ ಚುಕ್ಕೆ ಜಿಂಕೆಯೂ ಇದೆ. ಕಡವೆ ಮೊದಲನೇ ಅನುಸೂಚಿಗೆ ಏರಿದೆ, ಜಿಂಕೆ ಎರಡರಲ್ಲಿ ಉಳಿದಿದೆ. ಅಂದರೆ ನೂರೈವತ್ತು ವರ್ಷಗಳಿಂದ ‘ಜಿಂಕೆ ಉಳಿಯಬೇಕು’ ಎನ್ನುತ್ತ ಬಂದ ಕಾನೂನಿನ ಸಾಲಿನಲ್ಲಿ ‘ಜಿಂಕೆ ಹೆಚ್ಚಾದರೆ ಏನು’ ಎಂಬ ವಾಕ್ಯಕ್ಕೆ ಜಾಗ ಆಗಿದೆ. ಇದನ್ನು ಕೇವಲ ರೈತರ ಪರ ಅಥವಾ ಪ್ರಾಣಿಗಳ ಪರ ಎಂದು ಓದಿದರೆ ಸಾಲದು ಅಂತ ನನಗೆ ಅನಿಸುತ್ತದೆ. ಅದರ ಹಿಂದೆ ಒಂದು ಹಳೆಯ ಕಥಾರಚನೆ ಇದೆ.

ಆ ಕಥಾರಚನೆಗೆ ಮಹಾಭಾರತಕ್ಕೆ ಹೋಗಬೇಕು.

ಪಾಂಡು ಬೇಟೆಗೆ ಹೋಗುತ್ತಾನೆ. ಜಿಂಕೆಯ ರೂಪದಲ್ಲಿ ಹೆಂಡತಿಯ ಜೊತೆ ಕೂಡಿದ್ದ ಕಿಂದಮ ಮುನಿಗೆ ಬಾಣ ಬಿಡುತ್ತಾನೆ. ಶಾಪ ಬರುತ್ತದೆ. ನಮಗೆಲ್ಲ ಗೊತ್ತಿರುವ ಕಥೆ, ಪಂಪನಲ್ಲೂ ಇದೆ, ಕುಮಾರವ್ಯಾಸನಲ್ಲೂ ಇದೆ, ಯಕ್ಷಗಾನದಲ್ಲೂ ನೋಡಿದ್ದೇವೆ. ಆದರೆ ವ್ಯಾಸಭಾರತದಲ್ಲಿ ಇವರಿಬ್ಬರ ನಡುವೆ ನಡೆಯುವ ವಾದವನ್ನು ಗಮನಿಸಿ. ಪಾಂಡು ಕ್ಷಮೆ ಕೇಳುವುದಿಲ್ಲ. ಮೃಗಗಳನ್ನು ಕೊಲ್ಲುವುದು ರಾಜಧರ್ಮ ಎನ್ನುತ್ತಾನೆ, ಅಗಸ್ತ್ಯರ ಪೂರ್ವನಿದರ್ಶನ ಎತ್ತುತ್ತಾನೆ. ಥೇಟ್ ವಕೀಲ. ಕಿಂದಮನ ಉತ್ತರ ಇನ್ನೂ ವಿಚಿತ್ರ. ಜಿಂಕೆಯನ್ನು ಕೊಂದದ್ದಕ್ಕೆ ನಿನ್ನನ್ನು ದೂರುವುದಿಲ್ಲ, ಆ ಹೊತ್ತು ಕಳೆಯುವವರೆಗೆ ಕಾಯಬೇಕಿತ್ತು ಎನ್ನುತ್ತಾನೆ. ತಪ್ಪು ಇರುವುದು ಕೊಲ್ಲುವುದರಲ್ಲಲ್ಲವಂತೆ, ಹೊತ್ತು ತಪ್ಪಿ ಕೊಲ್ಲುವುದರಲ್ಲಂತೆ.

ಬೇಟೆಯ ಕಾನೂನು ಓದಿದವರಿಗೆ ಇದು ಕೂಡಲೇ ಗುರುತು ಸಿಗುತ್ತದೆ. ನಿಷಿದ್ಧ ಋತು ಅಂತ ಕರೆಯುವುದು ಇದನ್ನೇ. ಮದ್ರಾಸ್ ಪ್ರಾಂತ್ಯದಲ್ಲಿ 1879ರಲ್ಲಿ ನೀಲಗಿರಿ ಬೆಟ್ಟಗಳಿಗೆಂದೇ ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣಾ ಕಾಯಿದೆ ಬಂತು. ಊಟಿಯ ದೊರೆಗಳು 1877ರಲ್ಲಿ ಕಟ್ಟಿಕೊಂಡ ಬೇಟೆಗಾರರ ಸಂಘ ಇದರ ಹಿಂದಿತ್ತು. ಕಡವೆ, ಕಾಡುಮೇಕೆ ಕಡಿಮೆಯಾದವು, ಮುಂದಿನ ವರ್ಷ ಹೊಡೆಯಲಿಕ್ಕೆ ಇರಬೇಕಲ್ಲ, ಹಾಗಾಗಿ ಇಂತಿಷ್ಟು ತಿಂಗಳು ಹೊಡೆಯಬಾರದು, ಲೈಸೆನ್ಸ್ ಬೇಕು ಎಂಬ ವ್ಯವಸ್ಥೆ. ಮೈಸೂರು ಸಂಸ್ಥಾನದಲ್ಲಿ 1901ರ ರೆಗ್ಯುಲೇಶನ್. ಆಮೇಲೆ 1912ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವ ಕಾಡುಹಕ್ಕಿ ಮತ್ತು ಪ್ರಾಣಿಗಳ ರಕ್ಷಣಾ ಕಾಯಿದೆ. ಅದರ ಪಟ್ಟಿಯಲ್ಲಿ ಜಿಂಕೆಯ ಜಾತಿ ಇದೆ. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು, ಹಾಗಾಗಿ ಇಲ್ಲಿಗೂ ಅದು ಸಂಬಂಧಪಟ್ಟದ್ದೇ. ಈ ಕಾಯಿದೆಗಳನ್ನೆಲ್ಲ ನಾನು ಮನಸ್ಸಿನಲ್ಲಿ ‘ಕಿಂದಮ ಕಾನೂನು’ ಅಂತ ಕರೆದುಕೊಂಡಿದ್ದೇನೆ. ಜಿಂಕೆಯನ್ನು ಉಳಿಸಬೇಕು ಎಂದು ಮೊದಲು ಕೂಗಿದವರು ಅದನ್ನು ಹೊಡೆಯುವವರೇ.

ಇನ್ನು ಖಾಂಡವ. ಪಾಂಡುವಿನ ಮಗ ಅರ್ಜುನ, ಅವನ ಗೆಳೆಯ ಕೃಷ್ಣ. ಹಸಿದ ಅಗ್ನಿ ಬ್ರಾಹ್ಮಣನ ವೇಷದಲ್ಲಿ ಬರುತ್ತಾನೆ, ಕಾಡು ಬೇಕು ಎನ್ನುತ್ತಾನೆ. ಸುಡುವುದಕ್ಕೆ ಸಹಾಯ ಆಗಲಿ ಎಂದೇ ಗಾಂಡೀವ, ಮುಗಿಯದ ಬಾಣದ ಬತ್ತಳಿಕೆ, ರಥ ಎಲ್ಲ ಕೊಡಿಸುತ್ತಾನೆ. ಇಬ್ಬರೂ ಎರಡು ದಿಕ್ಕಿನಲ್ಲಿ ನಿಂತು ತಪ್ಪಿಸಿಕೊಂಡು ಓಡುವ ಪ್ರಾಣಿಗಳನ್ನು ತಿರುಗಿ ಬೆಂಕಿಗೆ ದೂಡುತ್ತಾರೆ. ಉಳಿದವರ ಲೆಕ್ಕವನ್ನು ವ್ಯಾಸರು ಕೊಡುತ್ತಾರೆ: ಅಶ್ವಸೇನನೆಂಬ ಹಾವು, ಮಯ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು. ಆರೇ ಆರು. ಆ ಪಟ್ಟಿಯಲ್ಲಿ ಜಿಂಕೆ ಇಲ್ಲ. ಇರಾವತಿ ಕರ್ವೆ ತಮ್ಮ ‘ಯುಗಾಂತ’ದಲ್ಲಿ ಈ ದಹನವನ್ನು ಕಣ್ಣು ಮುಚ್ಚದೆ ನೋಡಿದ್ದಾರೆ. ನಾನು ಅದಕ್ಕೆ ಸೇರಿಸಲು ಬಯಸುವುದು ಒಂದೇ. ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಪ್ಪ ಒಂದು ಜಿಂಕೆಯನ್ನು ಹೊತ್ತು ತಪ್ಪಿ ಕೊಂದ, ವಂಶಕ್ಕೇ ಶಾಪ ಬಂತು. ಮಗ ಜಿಂಕೆಗಳಿದ್ದ ಇಡೀ ಕಾಡನ್ನು ಸುಟ್ಟ, ಆಯುಧ ಸಿಕ್ಕಿತು, ಮಯನಿಂದ ಸಭಾಭವನವೂ ಆಯಿತು. ಕಾವ್ಯ ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದೇ ಇಲ್ಲ. ಪಂಪ ಕ್ರಿ.ಶ. 941ರಲ್ಲಿ ಬರೆಯುವಾಗ ಅವನಿಗೆ ಅರ್ಜುನನೇ ಅರಿಕೇಸರಿ. ಅಂದಮೇಲೆ ಖಾಂಡವ ಅವನ ಪಾಲಿಗೆ ವಿಜಯದ ಒಂದು ಅಧ್ಯಾಯ, ತಪ್ಪಿನದ್ದಲ್ಲ.

ನಮ್ಮ ಕಾನೂನುಗಳೂ ಹೀಗೆಯೇ ಎರಡು ತಕ್ಕಡಿ ಇಟ್ಟುಕೊಂಡವು. ಒಂದು ಜಿಂಕೆಯನ್ನು ಹೊಡೆದವನ ಮೇಲೆ ಕೇಸು, ಅದರ ನೆಲೆಯನ್ನು ತೋಟ ಮಾಡಿದವರಿಗೆ ಪಟ್ಟೆ, ಸಾಲ, ಸಬ್ಸಿಡಿ. ಪ್ರಬಂಧದ ಮುಖ್ಯ ಮಾತು ಇಷ್ಟೆ.

ಹಾಗಾದರೆ ನೆಲೆಯನ್ನು ಕಾಪಾಡುವ ಕಲ್ಪನೆಯೇ ನಮ್ಮಲ್ಲಿ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಶಾಕುಂತಲದ ಮೊದಲ ಅಂಕವನ್ನು ನೆನಪು ಮಾಡಿಕೊಳ್ಳಿ. ಬಸವಪ್ಪ ಶಾಸ್ತ್ರಿಗಳ ಕನ್ನಡ ರೂಪದಿಂದ ಹಿಡಿದು ನಾವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಓದಿದ್ದೇವೆ. ದುಷ್ಯಂತ ಜಿಂಕೆಯನ್ನು ಅಟ್ಟಿಸಿಕೊಂಡು ಬರುತ್ತಾನೆ, ಬಾಣ ಹೂಡಿದ್ದಾನೆ, ತಪಸ್ವಿಗಳು ಅಡ್ಡ ಬಂದು ತಡೆಯುತ್ತಾರೆ. ಅವರು ಕೊಡುವ ಕಾರಣ ಜಿಂಕೆ ಎಂಬುದಲ್ಲ, ಆಶ್ರಮದ ಜಿಂಕೆ ಎಂಬುದು. ಗೆರೆಯ ಆಚೆ ಇದ್ದಿದ್ದರೆ ಆ ಬಾಣ ಹೋಗುತ್ತಿತ್ತು. 1972ರ ಕಾಯಿದೆಯ ಅಭಯಾರಣ್ಯ ಎಂಬ ಕಲ್ಪನೆ ಇದಕ್ಕೆ ತುಂಬಾ ಹತ್ತಿರ. ಅಭಯ ಎನ್ನುವ ಪದವೇ ಆಶ್ರಮದಿಂದ ಬಂದ ಹಾಗಿದೆ. 1974ರಲ್ಲಿ ಹಾವೇರಿ ಕಡೆ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಆಯಿತು. ಒಳ್ಳೆಯದೇ ಆಯಿತು, ಕೃಷ್ಣಮೃಗ ಉಳಿದುಕೊಂಡಿತು. ಆದರೆ ಆ ಪ್ರಾಣಿಗೆ ಬೇಕಾದದ್ದು ಬಯಲು ಹುಲ್ಲುಗಾವಲು. ಆ ನೆಲದ ಬಹುಭಾಗದಲ್ಲಿ ಇದ್ದದ್ದು ನೀಲಗಿರಿ ನೆಡುತೋಪು. ಸಹಜವಾಗಿ ಜಿಂಕೆಗಳು ಗೆರೆ ದಾಟಿ ಜೋಳದ ಹೊಲಕ್ಕೆ ಹೋದವು. (ಜಿಂಕೆಯ ಕಾನೂನು ಹುಟ್ಟಿದ ಬೆಟ್ಟದ ಹೆಸರೇ ಜಿಂಕೆಯ ಹುಲ್ಲನ್ನು ನುಂಗಿದ ಮರಕ್ಕೂ ಕನ್ನಡದಲ್ಲಿ ಬಂದುಬಿಟ್ಟಿದೆ. ಕಾಕತಾಳೀಯ ಅಷ್ಟೆ.)

ಈಗ ಸ್ವಲ್ಪ ದೂರ ಹೋಗಬೇಕು, ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ. ಕಾರಣ ಇದೆ, ಕೇಳಿ.

19ನೇ ಶತಮಾನದ ನಡುಭಾಗಕ್ಕೆ ಬರುವಾಗ ಅಲ್ಲಿ ಕಾಡು ಕಡಿದು ಕುರಿ ಸಾಕಿ ಬಿಳಿಬಾಲದ ಜಿಂಕೆ ಹೆಚ್ಚುಕಡಿಮೆ ಇಲ್ಲವೇ ಆಗಿತ್ತು. ಬೇಟೆ ನಿಷೇಧಿಸಿದರು. 1878ರಲ್ಲಿ ಪಕ್ಕದ ನ್ಯೂಯಾರ್ಕಿನಿಂದ 17 ಜಿಂಕೆ ತಂದು ಬಿಟ್ಟರು. ತಂದವರು ಯಾರು? ಬೇಟೆಯ ಹವ್ಯಾಸಿಗಳು. 1897ರಲ್ಲಿ ಮತ್ತೆ ಬೇಟೆ ತೆರೆಯಿತು. ಇಲ್ಲಿಯವರೆಗೆ ನೀಲಗಿರಿಯ ಕಥೆಯೇ. ಮುಂದಿನದ್ದು ಬೇರೆ. ಆ ಊರಿನ ಚಳಿಗಾಲದಲ್ಲಿ ಆಳವಾದ ಹಿಮ ಬೀಳುತ್ತದೆ, ಜಿಂಕೆಗೆ ಅದರಲ್ಲಿ ಕಾಲು ಎತ್ತಿ ನಡೆಯಲಿಕ್ಕೇ ಮೈಯ ಕೊಬ್ಬೆಲ್ಲ ಕರಗುತ್ತದೆ. ಆಗ ಅವು ಹೆಮ್ಲಾಕ್‌ನಂಥ ಸದಾ ಹಸಿರು ಮರಗಳು ದಟ್ಟವಾಗಿರುವ ಕೆಲವೇ ಜಾಗಗಳಲ್ಲಿ ಒಟ್ಟಾಗಿ ಇರುತ್ತವೆ, ಯಾಕೆಂದರೆ ಮರದ ಮೇಲ್ಭಾಗ ಹಿಮವನ್ನು ತಡೆದುಕೊಳ್ಳುತ್ತದೆ, ಕೆಳಗೆ ನಡೆದಾಡಬಹುದು. ಅಲ್ಲಿಯವರು ಇಂಥ ಜಾಗಕ್ಕೆ ಜಿಂಕೆಯ ಅಂಗಳ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ವರ್ಷದ ಎಂಟೊಂಬತ್ತು ತಿಂಗಳು ಜಿಂಕೆ ಎಲ್ಲಿ ಬೇಕಾದರೂ ಮೇಯಬಹುದು, ಆದರೆ ಆ ಅಂಗಳ ಹೋದರೆ ಚಳಿಗಾಲ ಕಳೆಯುವುದಿಲ್ಲ. 1970ರಲ್ಲಿ ಬಂದ ಆ ರಾಜ್ಯದ ಭೂಬಳಕೆ ಕಾನೂನು, ದೊಡ್ಡ ನಿರ್ಮಾಣಗಳಿಗೆ ಅನುಮತಿ ಕೊಡುವಾಗ ಪ್ರಾಣಿಗಳ ಉಳಿವಿಗೆ ನಿರ್ಣಾಯಕವಾದ ನೆಲೆಯನ್ನು ನೋಡಬೇಕು ಎನ್ನುವ ಹಾದಿಗೆ ಬಂತು. ಆ ನೆಲೆ ಖಾಸಗಿ ಜಾಗದಲ್ಲಿದ್ದರೂ ಸರಿ. ರಜಾದಿನದ ಮನೆಗಳನ್ನು ಕಟ್ಟಬೇಕೆಂದಿದ್ದ ಒಂದು ಕಂಪೆನಿಗೆ ಇದೇ ಕಾರಣಕ್ಕೆ ಅನುಮತಿ ಸಿಗಲಿಲ್ಲ. ಅದು ಕೋರ್ಟಿಗೆ ಹೋಗಿ ಮಂಡಿಸಿದ ವಾದಗಳಲ್ಲಿ ಒಂದು ಬಹಳ ಸೊಗಸಾಗಿದೆ: ಜಿಂಕೆಗಳು ನಮ್ಮ ಜಾಗವನ್ನು ಆಕ್ರಮಿಸಿಕೊಂಡ ಹಾಗಾಯಿತು, ಸರಕಾರ ಪರಿಹಾರ ಕೊಡಲಿ! 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ.

ಈ ಕಾನೂನಿನಲ್ಲಿ ಕಿಂದಮನೂ ಇಲ್ಲ, ಆಶ್ರಮವೂ ಇಲ್ಲ. ಹೊತ್ತನ್ನೂ ಜಾಗವನ್ನೂ ಇದು ಒಟ್ಟಿಗೆ ಹಿಡಿಯುತ್ತದೆ. ಕಷ್ಟದ ತಿಂಗಳು ಯಾವುದು, ಆ ತಿಂಗಳಲ್ಲಿ ಪ್ರಾಣಿ ಎಲ್ಲಿ ನಿಲ್ಲುತ್ತದೆ, ಅಷ್ಟು ಜಾಗ ಬಿಡಿ ಎನ್ನುತ್ತದೆ. ನಮ್ಮ 1972ರ ಕಾಯಿದೆಯಲ್ಲೂ ನೆಲೆ ಎಂಬುದಕ್ಕೆ ವ್ಯಾಖ್ಯೆ ಇದೆ. ಕಾಡುಪ್ರಾಣಿಯ ಸಹಜ ಮನೆಯಾದ ನೆಲ, ನೀರು, ಸಸ್ಯ ಎಲ್ಲವೂ ಸೇರುತ್ತದೆ. ಚಂದದ ವ್ಯಾಖ್ಯೆಯೇ. ಆದರೆ ಅಭಯಾರಣ್ಯದ ಗೆರೆಯ ಹೊರಗೆ ಆ ಪದಕ್ಕೆ ಕೆಲಸ ಬಹಳ ಕಡಿಮೆ.

ಇಲ್ಲಿ ಕಾಸರಗೋಡು ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಒಂದೇ ಒಂದು ವನ್ಯಜೀವಿ ಅಭಯಾರಣ್ಯ ಇಲ್ಲ. ಗಡಿಯಾಚೆ ಕೊಡಗಿನಲ್ಲಿ ತಲಕಾವೇರಿ ಇದೆ, ಕೆಳಗೆ ಕಣ್ಣೂರಿನಲ್ಲಿ ಆರಳಂ ಇದೆ. ನಮ್ಮಲ್ಲಿ ಇರುವುದು ಕಾರಡ್ಕ, ಮುಳ್ಳೇರಿಯ, ಪರಪ್ಪ, ರಾಣಿಪುರದ ಕಡೆಯ ಮೀಸಲು ಕಾಡಿನ ತುಂಡುಗಳು, ಅವುಗಳ ನಡುವೆ ಗುಡ್ಡೆ, ಹಾಡಿ, ಪಾದೆ, ಕಾವು, ಬನ, ಗೇರುತೋಟ, ರಬ್ಬರು, ಕಂಗಿನ ತೋಟ. ದುಷ್ಯಂತನ ಲೆಕ್ಕದಲ್ಲಿ ಇಡೀ ಜಿಲ್ಲೆ ಆಶ್ರಮದ ಹೊರಗೆ. ಹಿಮ ಇಲ್ಲ. ಆದರೆ ಕಷ್ಟದ ತಿಂಗಳು ಇಲ್ಲವೇ? ಕುಂಭ, ಮೀನ, ಮೇಷ ತಿಂಗಳುಗಳಲ್ಲಿ ಪಾದೆಯ ಮೇಲಿನ ಹುಲ್ಲು ಒಣಗಿ ಕಲ್ಲು ಕಾದಿರುತ್ತದೆ. ನೀರು ಉಳಿಯುವುದು ಕೆಲವು ಪಳ್ಳಗಳಲ್ಲಿ, ಮದಕಗಳಲ್ಲಿ, ತೋಡಿನ ಗುಂಡಿಗಳಲ್ಲಿ, ಸುರಂಗದ ಬಾಯಿಯಲ್ಲಿ. ಮನುಷ್ಯರೇ ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಸುರಂಗ ತೋಡಿ ನೀರು ತಂದ ಊರಿದು. ನಮ್ಮ ಜಿಂಕೆಯ ಅಂಗಳ ಎಲ್ಲಿ ಅಂತ ಕೇಳಿದರೆ ಅದು ಇಂಥ ಜಾಗಗಳಲ್ಲೇ ಇರಬೇಕು. ಮತ್ತು ಅವುಗಳ ಪಕ್ಕದಲ್ಲೇ ಮನೆ, ತೋಟ, ಕೆರೆ ಇರುವುದು.

ಹೆಸರುಗಳ ಬಗ್ಗೆ ಒಂದು ಮಾತು, ನಾವು ಭಾಷೆಯ ವಿದ್ಯಾರ್ಥಿಗಳಲ್ವಾ. ಕಡವೆ ಕನ್ನಡದಲ್ಲಿ, ತುಳುವಿನಲ್ಲಿ ಕಡಮ, ಮಲಯಾಳದಲ್ಲಿ ಮ್ಲಾವು ಅಥವಾ ಕಲಮಾನ್. ಚುಕ್ಕೆ ಜಿಂಕೆ ಪುಳ್ಳಿಮಾನ್. ನಾವು ಕಾಡುಕುರಿ ಎನ್ನುವುದು ಅವರಿಗೆ ಕೇಳಮಾನ್. ಬರ್ಕ ಎನ್ನುವುದು ಕೂರಮಾನ್. ಮಲಯಾಳ ನಾಲ್ಕನ್ನೂ ‘ಮಾನ್’ ಎಂದು ಒಂದೇ ಮನೆಗೆ ಸೇರಿಸಬಲ್ಲದು. ಕನ್ನಡ ಒಂದನ್ನು ಕುರಿ ಮಾಡಿತು, ಇನ್ನೊಂದಕ್ಕೆ ಬೇರೆಯೇ ಹೆಸರು ಕೊಟ್ಟಿತು. ಪ್ರಾಣಿಶಾಸ್ತ್ರದ ಪ್ರಕಾರ ಬರ್ಕ ನಿಜವಾಗಿ ಜಿಂಕೆಯ ಕುಟುಂಬದ್ದಲ್ಲ, ಈ ವಿಷಯದಲ್ಲಿ ಕನ್ನಡವೇ ಸರಿ! ಆದರೆ ಅರಣ್ಯ ಇಲಾಖೆಯ ಬೋರ್ಡು ಮಲಯಾಳ, ಇಂಗ್ಲಿಷಿನಲ್ಲಿ ಇರುವಾಗ ಎಣ್ಮಕಜೆಯ ಒಬ್ಬ ಕನ್ನಡದ ಹಿರಿಯರಿಗೆ ಕಾನೂನು ರಕ್ಷಿಸುತ್ತಿರುವುದು ತಾನು ಕಾಡುಕುರಿ ಅನ್ನುವ ಪ್ರಾಣಿಯನ್ನೇ ಎಂದು ಹೇಗೆ ತಿಳಿಯಬೇಕು? 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಅದು ಅರ್ಜಿಯಲ್ಲಿ ಇದೆ, ಪ್ರಾಣಿಯ ಹೆಸರಿನವರೆಗೆ ಬಂದಿಲ್ಲ.

ಇನ್ನೊಂದು ಪದ. ಪೀಡೆ ಎಂದು ಘೋಷಿಸಿದ ಪ್ರಾಣಿಗೆ ಮಲಯಾಳ ಪತ್ರಿಕೆಗಳು ಕ್ಷುದ್ರಜೀವಿ ಎಂದು ಬರೆಯುತ್ತವೆ. ನಮ್ಮ ಕಡೆ ತೋಟದವರು ಹೇಳುವುದು ‘ಹಂದಿಯ ಉಪದ್ರ’ ಅಂತ. ಉಪದ್ರ ಎನ್ನುವುದು ಪ್ರಾಣಿ ಮಾಡಿದ ಕೆಲಸದ ಹೆಸರು. ಇವತ್ತು ಉಂಟು, ಬೇಲಿ ಹಾಕಿದರೆ ನಾಳೆ ಇಲ್ಲ. ಕ್ಷುದ್ರ ಎನ್ನುವುದು ಹುಟ್ಟಿನ ಹೆಸರು. ಒಮ್ಮೆ ಅಂಟಿದರೆ ಹೋಗುವುದಿಲ್ಲ. ತಾಳಮದ್ದಳೆಯಲ್ಲಿ ವಾಲಿ ರಾಮನ ವಾದ ಕೇಳಿದವರಿಗೆ ಈ ತಂತ್ರ ಪರಿಚಿತ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ಕೇಳುತ್ತಾನೆ. ರಾಮನ ಉತ್ತರಗಳಲ್ಲಿ ಒಂದು, ನೀನು ಮೃಗ, ಮೃಗವನ್ನು ಹೇಗೂ ಹೊಡೆಯಬಹುದು ಎಂಬುದು. ನಮ್ಮ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಹಿಡಿದು ಅರ್ಥಧಾರಿಗಳು ಇದನ್ನು ಗಂಟೆಗಟ್ಟಲೆ ಎಳೆದದ್ದುಂಟು, ಒಳ್ಳೆಯ ವಾಲಿ ಇದ್ದರೆ ರಾಮನಿಗೆ ಬೆವರಿಳಿಯುತ್ತದೆ. ಪ್ರಾಣಿಯನ್ನು ಕೊಲ್ಲುವ ಮೊದಲು ಅದರ ವರ್ಗವನ್ನು ಬದಲಿಸಬೇಕು ಎನ್ನುವುದು ಕೇರಳದ ಮಸೂದೆ ಕಂಡುಹಿಡಿದ ವಿಷಯವಲ್ಲ.

ರೈತರ ಮಾತನ್ನು ಇಲ್ಲಿ ತಳ್ಳಿಹಾಕಿದರೆ ಪ್ರಬಂಧ ಸುಳ್ಳಾಗುತ್ತದೆ. ಕಾನೂನಿನ ಪಠ್ಯದಲ್ಲೇ ಅದಕ್ಕೆ ಸಾಕ್ಷಿ ಇದೆ. 1912ರ ಕಾಯಿದೆ, ತನ್ನನ್ನು ಕಾಪಾಡಿಕೊಳ್ಳಲು ಅಥವಾ ಆಸ್ತಿಯನ್ನು ಕಾಪಾಡಿಕೊಳ್ಳಲು ಪ್ರಾಣಿಯನ್ನು ಕೊಂದರೆ ತಪ್ಪಲ್ಲ ಎಂದಿತ್ತು. 1972ರದ್ದು ಜೀವರಕ್ಷಣೆಯನ್ನು ಉಳಿಸಿಕೊಂಡಿತು, ಆಸ್ತಿ ಎಂಬ ಮಾತು ಆ ಸಾಲಿನಿಂದ ಹೋಯಿತು. ಬೆಳೆಯ ಮೇಲೆ ಬಿದ್ದ ಪ್ರಾಣಿಯ ವಿಷಯಕ್ಕೆ ಮುಖ್ಯ ವನ್ಯಜೀವಿ ಪಾಲಕರ ಅಪ್ಪಣೆ ಬೇಕು. ಒಂದು ಪದ ಬಿಟ್ಟುಹೋದದ್ದರ ಭಾರ ಅಡಿಕೆ ಸಸಿಯ ಸುತ್ತ ರಾತ್ರಿ ಟಾರ್ಚು ಹಿಡಿದು ಕೂತವರ ಮೇಲೆ ಬಿತ್ತು. 2022ರಲ್ಲಿ ಹಂದಿಯ ಮಟ್ಟಿಗೆ ಕೇರಳ ಸರಕಾರ ಈ ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರವರೆಗೆ ಇಳಿಸಿದ್ದು ಅದಕ್ಕೇ. ಇನ್ನೊಂದು ಕುತೂಹಲದ ವಿಷಯ: 1972ರ ಕಾಯಿದೆಯ ಮೂಲ ರೂಪದಲ್ಲಿ ಜಿಂಕೆ, ಕಡವೆ ಇದ್ದ ಪಟ್ಟಿಯ ತಲೆಬರಹವೇ ‘ದೊಡ್ಡ ಬೇಟೆ’ ಎಂಬರ್ಥದ್ದು. ಲೈಸೆನ್ಸ್ ಪಡೆದು ಹೊಡೆಯುವ ದಾರಿ ಇತ್ತು. ಅದು ಪೂರ್ತಿ ಮುಚ್ಚಿದ್ದು 1991ರ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ಕಿಂದಮ ಅದರೊಳಗೇ ಇದ್ದ.

ಇದೇ ಹೊತ್ತಿನಲ್ಲಿ ಖಾಂಡವದ ಕಡೆ ಏನು ನಡೆಯುತ್ತಿತ್ತು? 19ನೇ ಶತಮಾನದ ನಡುವಿನಿಂದ ಮದ್ರಾಸ್ ಸರಕಾರ ಕುಮೇರಿ ಬೇಸಾಯಕ್ಕೆ ಕಡಿವಾಣ ಹಾಕಿತು, ಗುಡ್ಡ ಸುಟ್ಟು ರಾಗಿ ಬಿತ್ತುವ ಬಡವರು ಕಾಡುಹಾಳು ಮಾಡುತ್ತಾರೆ ಎಂಬ ಕಾರಣಕ್ಕೆ. ನೂರು ವರ್ಷದ ಮೇಲೆ ಅದೇ ಗುಡ್ಡಗಳು ಸರಕಾರಿ ನಿಗಮದ ಗೇರುತೋಟಗಳಾದವು. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ಎರಡು ದಶಕಗಳಿಗೂ ಹೆಚ್ಚು ಕಾಲ. ಮನುಷ್ಯರಿಗೆ ಆದದ್ದು ನಮಗೆಲ್ಲ ಗೊತ್ತು, ಸ್ವರ್ಗ, ವಾಣಿನಗರ, ಪಡ್ರೆ ಎಂಬ ಹೆಸರುಗಳನ್ನು ಲೋಕ ಕೇಳಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಅಂಬಿಕಾಸುತನ್ ಮಾಂಗಾಡರ ಮಲಯಾಳ ಕಾದಂಬರಿ ‘ಎಣ್ಮಕಜೆ’ ಇದನ್ನು ಹೇಳಿತು. ಒಂದು ಊರಿನ ಹೆಸರನ್ನೇ ಕಾದಂಬರಿಗೆ ಇಟ್ಟದ್ದು ನನ್ನ ವಾದಕ್ಕೆ ಹತ್ತಿರದ ವಿಷಯ. ಆ ಎರಡು ದಶಕಗಳಲ್ಲೂ ಆ ಗುಡ್ಡದಲ್ಲಿ ಒಂದು ಕಾಡುಕುರಿಯನ್ನು ಕೋವಿಯಿಂದ ಹೊಡೆದಿದ್ದರೆ ಅದು ಅಪರಾಧವೇ ಆಗಿತ್ತು. ಮೇಲಿನಿಂದ ವಿಷ ಬಿದ್ದದ್ದನ್ನು ವನ್ಯಜೀವಿ ಕಾನೂನು ಬೇಟೆ ಎಂದು ಓದಲಿಲ್ಲ.

ಈಗ ನಮ್ಮದೇ ಒಂದು ಪಠ್ಯ. ಕಂಡನಾರ್ ಕೇಳನ್ ತೆಯ್ಯಂ. ಜಿಲ್ಲೆಯ ತೆಂಕು ಭಾಗದವರಿಗೆ ಹೇಳಬೇಕಾಗಿಲ್ಲ. ಬಡಗಿನ ಕನ್ನಡ ವಿದ್ಯಾರ್ಥಿಗಳು ಕೋಟಿ ಚೆನ್ನಯರ ಪಾಡ್ದನ ಓದಿರುತ್ತಾರೆ, ಇದನ್ನು ಓದಿರುವುದಿಲ್ಲ. ಕೇಳನ್ ದುಡಿಮೆಗಾರ. ಕಾಡು ಕಡಿದು ಪುನಂ ಬೇಸಾಯಕ್ಕೆ, ಅಂದರೆ ನಮ್ಮ ಕುಮೇರಿಗೆ, ಬೆಂಕಿ ಹಾಕುತ್ತಾನೆ. ಬೆಂಕಿ ನಾಲ್ಕೂ ಕಡೆಯಿಂದ ಅವನನ್ನೇ ಸುತ್ತುತ್ತದೆ. ಉಳಿದಿದ್ದ ಒಂದು ನೆಲ್ಲಿಮರ ಹತ್ತುತ್ತಾನೆ. ಅದರಲ್ಲಿ ಪ್ರಾಣ ಉಳಿಸಿಕೊಳ್ಳಲು ಬಂದ ಎರಡು ಹಾವುಗಳಿದ್ದವು. ಅವು ಕಚ್ಚುತ್ತವೆ, ಮೂವರೂ ಬೆಂಕಿಗೆ ಬೀಳುತ್ತಾರೆ, ಬೂದಿಯಾಗುತ್ತಾರೆ. ಬೇಟೆಗೆ ಹೊರಟಿದ್ದ ವಯನಾಟ್ಟು ಕುಲವನ್ ದೈವ ಆ ದಾರಿಯಲ್ಲಿ ಬಂದು ಬಿಲ್ಲಿನ ತುದಿಯಿಂದ ಮುಟ್ಟಿ ಎಬ್ಬಿಸುತ್ತದೆ. ಹಾಗೆ ಕೇಳನ್ ತಾನೇ ದೈವವಾದ. ಇವತ್ತಿಗೂ ಆ ತೆಯ್ಯಂ ಬೆಂಕಿ ದಾಟುತ್ತದೆ.

ಖಾಂಡವದ ಪಕ್ಕ ಇದನ್ನಿಡಿ. ಕಾಡು, ಬೆಂಕಿ, ಹಾವು, ಬಿಲ್ಲು ಎಲ್ಲವೂ ಎರಡರಲ್ಲೂ ಇವೆ. ಅಲ್ಲಿ ಸುಟ್ಟವನು ಹೊರಗೆ ನಿಂತಿದ್ದ, ಬಿಲ್ಲು ಓಡುವವರನ್ನು ಒಳಗೆ ದೂಡಲಿಕ್ಕಿತ್ತು. ಇಲ್ಲಿ ಸುಟ್ಟವನೂ ಒಳಗೆ ಸಿಕ್ಕಿಬಿದ್ದ, ಹಾವಿನ ಜೊತೆಗೇ ಬೂದಿಯಾದ. ಬಿಲ್ಲು ಬಂದದ್ದು ಎಬ್ಬಿಸಲಿಕ್ಕೆ. ಹಸಿವಿಗಾಗಿ ಕಾಡು ಸುಟ್ಟವನನ್ನು ಈ ಕಥೆ ಪಾಪಿ ಎನ್ನುವುದಿಲ್ಲ, ವೀರ ಎಂದೂ ಹೊಗಳುವುದಿಲ್ಲ. ಬೆಂಕಿಯ ಒಳಗಿದ್ದವರೆಲ್ಲರ ಲೆಕ್ಕದಲ್ಲಿ ಅವನನ್ನೂ ಸೇರಿ ಎಣಿಸುತ್ತದೆ. ಆ ನೆಲ್ಲಿಮರದ ಬಗ್ಗೆಯೂ ಹೇಳಬೇಕು. ನೆಲ್ಲಿಕಾಯಿ ಹಣ್ಣಾಗುವುದು ಚಳಿಗಾಲದಲ್ಲಿ. ಉತ್ಥಾನ ದ್ವಾದಶಿಗೆ ತುಳಸಿಕಟ್ಟೆಯಲ್ಲಿ ನೆಲ್ಲಿಯ ಗೆಲ್ಲು ನೆಡುತ್ತೇವಲ್ಲ, ಆಮೇಲಿನ ತಿಂಗಳುಗಳು. ಉದುರಿದ ನೆಲ್ಲಿಕಾಯಿ ಜಿಂಕೆಗೆ, ಕಾಡುಕುರಿಗೆ ಪ್ರಿಯವಾದ ಮೇವು, ಬೀಜ ಹರಡುವುದೂ ಅವುಗಳಿಂದ. ಕಥೆ ಕಟ್ಟಿದವರಿಗೆ ಜಿಂಕೆ ನೆನಪಿತ್ತು ಅಂತ ನಾನು ವಾದಿಸುವುದಿಲ್ಲ, ಅಷ್ಟು ಎಳೆದರೆ ಹರಿಯುತ್ತದೆ. ಆದರೆ ಕುಮೇರಿಯ ನಡುವೆ ಉಳಿಯುವ ಮರ ಯಾವುದು ಎಂದು ಅವರಿಗೆ ಗೊತ್ತಿತ್ತು.

ಇದನ್ನು ಕೇಳಿ ಯಾರೂ ‘ನೋಡಿ, ಜಾನಪದದಲ್ಲಿ ಪರಿಸರಪ್ರಜ್ಞೆ’ ಎಂದು ಟಿಪ್ಪಣಿ ಮಾಡಿಕೊಳ್ಳಬೇಡಿ ದಯವಿಟ್ಟು. ಇದೇ ವಯನಾಟ್ಟು ಕುಲವನ್ ದೈವಂಕಟ್ಟು ಉತ್ಸವದಲ್ಲಿ ಬೇಟೆ ಒಂದು ವಿಧಿ. ಬೇಟೆಯ ಮಾಂಸ ಒಪ್ಪಿಸುವ ಬಪ್ಪಿಡಲ್ ಎಂಬ ಆಚರಣೆ ಇತ್ತು. ಕಾನೂನು ಬಂದ ಮೇಲೆ ಅರಣ್ಯ ಇಲಾಖೆಗೂ ಉತ್ಸವ ನಡೆಸುವವರಿಗೂ ತಿಕ್ಕಾಟ ಆದದ್ದುಂಟು. ದೈವಕ್ಕೆ ಬೇಟೆ ಬೇಕು, ಬೇಟೆಗೆ ಕಾಡು ಬೇಕು. ಹಳೆಯ ವ್ಯವಸ್ಥೆ ಕಾಡನ್ನು ಉಳಿಸಿಕೊಂಡದ್ದು ಪ್ರೀತಿಯಿಂದ ಮಾತ್ರ ಅಂತ ಹೇಳಲಿಕ್ಕಾಗುವುದಿಲ್ಲ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ನಮ್ಮ ಕರಾವಳಿ ಕನ್ನಡದ ಮುಖ್ಯ ಗದ್ಯಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ಈ ಪ್ರಕಾರವನ್ನು ನಮ್ಮ ವಿಮರ್ಶೆ ಮುಜುಗರದಿಂದ ಬದಿಗಿಟ್ಟಿದೆ. ಆದರೆ ಯಾವ ತಿಂಗಳಲ್ಲಿ ಪ್ರಾಣಿ ಎಲ್ಲಿ ನೀರಿಗೆ ಬರುತ್ತದೆ, ಯಾವ ಕಣಿವೆಯಲ್ಲಿ ಹಗಲು ಮಲಗುತ್ತದೆ ಎಂಬ ಜ್ಞಾನ ಕನ್ನಡದಲ್ಲಿ ಬರೆದಿಟ್ಟದ್ದಿದ್ದರೆ ಅದು ಇಂಥ ಶಿಕಾರಿ ಗದ್ಯದಲ್ಲಿ. ವರ್ಮಾಂಟಿನ ರೀತಿಯ ಒಂದು ಕಲಮನ್ನು ಇಲ್ಲಿ ಯಾರಾದರೂ ಬರೆಯಲು ಕೂತರೆ ಸಾಕ್ಷಿಗೆ ಕರೆಯಬೇಕಾದ್ದು ಪರಿಸರಗೀತೆಗಳನ್ನಲ್ಲ, ಆ ಪುಸ್ತಕಗಳನ್ನು.

ನನ್ನ ಸಮಯ ಮುಗಿಯಿತು ಅಂತ ಸಂಯೋಜಕರು ಸಂದೇಶ ಹಾಕಿದ್ದಾರೆ. ಇಲ್ಲಿಗೆ ನಿಲ್ಲಿಸುತ್ತೇನೆ, ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ (ಒಬ್ಬರು ಅಧ್ಯಾಪಕರು): ಪಾಂಡು, ಅರ್ಜುನ ಇವರನ್ನು ಕಾಯಿದೆಗಳ ಜೊತೆ ಇಡುವುದು ಹೋಲಿಕೆಯ ಚಮತ್ಕಾರ ಮಾತ್ರ ಆಗುವುದಿಲ್ಲವೆ? 1879ರ ಕಾಯಿದೆ ಬರೆದವರು ಭಾರತ ಓದಿರಲಿಲ್ಲ.

ಉತ್ತರ: ಇಲ್ಲ ಸರ್, ಪ್ರಭಾವ ಇದೆ ಎಂದು ನಾನು ಹೇಳುತ್ತಿಲ್ಲ. ಬೇಟೆಯಾಡುವ ಒಂದು ವರ್ಗ ತನಗೆ ನಿಯಮ ಹಾಕಿಕೊಳ್ಳುವಾಗ ಎಲ್ಲಿ ಮಿತಿ ಇಟ್ಟುಕೊಳ್ಳುತ್ತದೆ, ಎಲ್ಲಿ ಕಣ್ಣು ಮುಚ್ಚುತ್ತದೆ ಎನ್ನುವುದು ಎರಡರಲ್ಲೂ ಒಂದೇ ಥರ ಇದೆ ಎಂಬಷ್ಟೇ. ರಾಜರಿಗೂ ದೊರೆಗಳಿಗೂ ಕಾಡು ಒಂದೋ ಬೇಟೆಯ ಜಾಗ, ಇಲ್ಲದಿದ್ದರೆ ಖಾಲಿ ಜಾಗ. ಅದು ಯಾರದ್ದೋ ಮನೆ ಅಂತ ಓದಬೇಕಾದರೆ ಆ ಎರಡೂ ಅಲ್ಲದವರ ಕಥೆ ಬೇಕಾಗುತ್ತದೆ, ಅದಕ್ಕೇ ಕೇಳನ್ ಹತ್ತಿರ ಹೋದೆ.

ಪ್ರಶ್ನೆ (ಸಹಪಾಠಿ): ನಮ್ಮ ಮನೆಯ ಹಿಂದಿನ ಕುಮ್ಕಿಯಲ್ಲಿ ನೀರಿನ ಗುಂಡಿ ಉಂಟು, ಬೇಸಿಗೆಯಲ್ಲಿ ಪ್ರಾಣಿಗಳು ಬರ್ತವೆ. ನೀನು ಹೇಳುವ ಕಾನೂನು ಬಂದ್ರೆ ನಮ್ಮ ಅಪ್ಪ ಆ ಜಾಗ ಬಿಡಬೇಕಾ?

ಉತ್ತರ: ಇದು ಒಳ್ಳೆಯ ಪ್ರಶ್ನೆ ಮಾರಾಯ, ಕುಮ್ಕಿ ಎಂದದ್ದಕ್ಕೆ ಇನ್ನೂ ಒಳ್ಳೆಯದಾಯಿತು. ವರ್ಗ ಜಾಗದ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗ ಅದು. ದಕ್ಷಿಣ ಕನ್ನಡದ ಕಾಲದಿಂದ ಸೊಪ್ಪು, ಹುಲ್ಲು, ಕಟ್ಟಿಗೆ ತರುವ ಸವಲತ್ತು ನಿಮ್ಮದು, ನೆಲ ಸರಕಾರದ್ದು. ಪೂರ್ತಿ ಸ್ವಂತವೂ ಅಲ್ಲ, ಪೂರ್ತಿ ಕಾಡೂ ಅಲ್ಲ. ಹೆಚ್ಚಿನ ಕಡೆ ಅದು ಈಗ ರಬ್ಬರು ಆಗಿದೆ, ಅದಕ್ಕೆ ಪಟ್ಟೆ ಬೇಕು ಎಂಬ ಬೇಡಿಕೆ ಹಳೆಯದು. ವರ್ಮಾಂಟಿನಲ್ಲಿ ಜಾಗ ಮಾಲೀಕರ ಹೆಸರಿನಲ್ಲೇ ಉಳಿಯಿತು, ಕಟ್ಟಡಕ್ಕೆ ಮಾತ್ರ ತಡೆ ಬಂತು. ಇಲ್ಲಿ ಹಾಗೆ ಮಾಡಿದರೆ ನಿಮ್ಮ ಅಪ್ಪನ ಸೊಪ್ಪಿನ ಹಕ್ಕು ಹೋಗಬೇಕಾಗಿಲ್ಲ, ಆ ಗುಂಡಿಯ ಸುತ್ತ ಮೂರು ತಿಂಗಳು ಏನು ಮಾಡಬಾರದು ಎಂಬುದು ಬರೆಯಬೇಕಾದೀತು. ಅದರ ಬದಲಿಗೆ ತೋಟಕ್ಕಾದ ಹಾನಿಗೆ ಪರಿಹಾರ ಸಮಯಕ್ಕೆ ಸಿಗುತ್ತದಾ ಅಂತ ನಿಮ್ಮ ಅಪ್ಪ ಕೇಳುತ್ತಾರೆ, ಕೇಳಲೇಬೇಕು. ಮತ್ತೆ ಆ ಕಾಗದ ಕನ್ನಡದಲ್ಲಿ ಬರಬೇಕು. ನಿಮ್ಮಲ್ಲಿ ಆ ಗುಂಡಿಗೆ ಏನಂತ ಹೇಳ್ತಾರೆ, ಪಳ್ಳ ಅಂತಲಾ?

ಸಹಪಾಠಿ: ಹೌದು, ಕಡಮದ ಪಳ್ಳ ಅಂತ ಅಜ್ಜಿ ಹೇಳ್ತಿದ್ರು. ಈಗ ಪಂಪಿನ ಗುಂಡಿ ಅಂತ ಹೇಳುದು.